ದಿನಕ್ಕೊಂದು ಮುಚ್ಚಳ ಆಯಿಲ್

ಗುರ್ರಣ್ಣನಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು, ಆದರೆ ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ರಿಪೇರಿಗೆ ಬಂದ ಇಂಜಿನ್ ಗುರ್ ಅನ್ನುವುದಕ್ಕೆ ಮೊದಲೇ ಇವನು ಗುರ್ ಅನ್ನುತ್ತಿದ್ದ. ಅದಕ್ಕೇ ಆ ಅಡ್ಡಹೆಸರು. ಬಾಗಿಲಲ್ಲಿ ನಿಂತ ಗಿರಾಕಿ "ಪ್ಲಗ್ ಹೋಗಿರಬೇಕು" ಅಂತ ಬಾಯಿ ಬಿಟ್ಟರೆ ಮುಗಿಯಿತು. "ನಿಮಗೇ ಗೊತ್ತಿದೆಯಲ್ಲ, ಮತ್ತೆ ಇಲ್ಲಿಗೆ ಯಾಕೆ ತಂದ್ರಿ?" ಅನ್ನುವನು. ಹಾಗಂತ ಗಿರಾಕಿಯನ್ನು ವಾಪಸ್ ಹೋಗಲಿಕ್ಕೂ ಬಿಡುವವನಲ್ಲ. ಬೈಯುತ್ತಲೇ ಮೆಷಿನ್ನಿನ ಹ್ಯಾಂಡಲ್ ಕಿತ್ತುಕೊಂಡು ಶೆಡ್ಡಿನೊಳಗೆ ಎಳೆದುಕೊಳ್ಳುವನು. ಕೆಲಸ ಮಾತ್ರ ಕಣ್ಣಿಗೊತ್ತಿಕೊಳ್ಳುವ ಹಾಗಿರುತ್ತಿತ್ತು, ಅದಕ್ಕೇ ಜನ ಬೈಸಿಕೊಳ್ಳಲಿಕ್ಕೂ ತಯಾರಾಗಿ ಬರುತ್ತಿದ್ದರು.

ಶೆಡ್ಡು ಮನೆಗೆ ಅಂಟಿಕೊಂಡೇ ಇತ್ತು. ತಗಡಿನ ಮಾಡು, ಹಳೆಯ ಬಾಗಿಲೊಂದನ್ನು ಅಡ್ಡ ಮಲಗಿಸಿ ಮಾಡಿದ ಮೇಜು, ಗೋಡೆಯ ಮೇಲೆ ಸ್ಪ್ಯಾನರುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ. ಬಿಚ್ಚಿದ ನಟ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯೊಂದರಲ್ಲಿ ಇಡುತ್ತಿದ್ದ. ಆ ತಟ್ಟೆಯನ್ನು ಹೆಂಡತಿ ಒಮ್ಮೆ ತೊಳೆಯಲಿಕ್ಕೆ ತೆಗೆದುಕೊಂಡು ಹೋದಾಗ ಆ ದಿನವೆಲ್ಲ ಮನೆಯಲ್ಲಿ ಮಾತುಕತೆ ಇರಲಿಲ್ಲ. ಇನ್ನೊಂದು ನಿಯಮ ಕೆಂಪು ಬಟ್ಟೆಯದು. ಆಯಿಲ್ ಇಳಿಸಿದ ಇಂಜಿನ್ ಶೆಡ್ಡಿನಲ್ಲಿದ್ದರೆ ಅದರ ಹ್ಯಾಂಡಲ್‌ಗೆ ಕೆಂಪು ಬಟ್ಟೆ ಕಟ್ಟಲೇಬೇಕು. ಆಯಿಲ್ ಇಲ್ಲದೆ ಓಡಿದ ಇಂಜಿನ್ ಒಳಗಿನ ಲೋಹ ಲೋಹಕ್ಕೆ ಕಚ್ಚಿ ಸತ್ತುಹೋಗುತ್ತದೆ, ಅದನ್ನು ಬದುಕಿಸುವ ವಿದ್ಯೆ ಗುರ್ರಣ್ಣನಿಗೂ ಗೊತ್ತಿರಲಿಲ್ಲ. "ಮರೆವು ಅಂತೆ, ಮರೆವು. ಮರೆವು ಅನ್ನೋದು ಕಾಯಿಲೆಯಲ್ಲ, ಕೊಬ್ಬು" ಅಂತ ಗಿರಾಕಿಗಳಿಗೆ ಹೇಳಿ ಹೇಳಿ ಅವರ ಕಿವಿ ತೂತು ಮಾಡಿದ್ದ.

ಇಂಥವನ ಗುರ್ರು ನಡೆಯದೆ ಇದ್ದದ್ದು ಒಬ್ಬಳ ಹತ್ತಿರ. ಅವಳು ಅವನ ಅಕ್ಕ. ಅಮ್ಮ ತೀರಿಹೋದಾಗ ಇವನು ಇನ್ನೂ ಚಡ್ಡಿ ಎಳೆದುಕೊಳ್ಳಲಿಕ್ಕೂ ಬಾರದ ಹುಡುಗ. ಮೀಯಿಸಿ, ಉಣ್ಣಿಸಿ ದೊಡ್ಡವನನ್ನು ಮಾಡಿದವಳು ಅವಳೇ. ಮನೆಯ ಗೋಡೆ ಗಡಿಯಾರವನ್ನು ಇವನು ಬಿಚ್ಚಿ ಮತ್ತೆ ಜೋಡಿಸಲಾಗದೆ ಕೂತಾಗ, ಬಿಚ್ಚಿದ್ದು ತಾನೇ ಅಂತ ಹೇಳಿ ಅಪ್ಪನ ಕೈಯಲ್ಲಿ ಏಟು ತಿಂದವಳೂ ಅವಳೇ. ಇವನು ಎಷ್ಟೇ ಹಾರಾಡಿದರೂ ಅವಳು "ಆಯ್ತಾ? ಮುಗೀತಾ?" ಅಂತ ಕೇಳಿ ತನ್ನ ಮಾತು ಮುಂದುವರಿಸುತ್ತಿದ್ದಳು.

ಅಕ್ಕ ಮತ್ತು ಭಾವ ಇಬ್ಬರಿಗೂ ಆಟದ ಮೈದಾನದಲ್ಲಿ ಕೆಲಸ. ಭಾವ ಹುಲ್ಲು ಕತ್ತರಿಸುವ ಮೆಷಿನ್ ತಳ್ಳಿದರೆ, ಅಕ್ಕ ಅಂಚಿನ ಗಿಡಗಳ ಕಳೆ ಕಿತ್ತು ನೀರು ಬಿಡುತ್ತಿದ್ದಳು. ಭಾವ ಕತ್ತರಿಸಿದ ಹುಲ್ಲನ್ನು ನೋಡಬೇಕು. ಒಂದು ಪಟ್ಟೆ ಹೋಗುತ್ತಾ, ಒಂದು ಪಟ್ಟೆ ಬರುತ್ತಾ, ದಾರ ಹಿಡಿದು ಎಳೆದಷ್ಟು ನೇರ. ಊರಿನವರು ಆಟ ನೋಡಲಿಕ್ಕೆ ಬಂದರೆ ಭಾವ ಹುಲ್ಲು ನೋಡುತ್ತಾ ಕೂರುತ್ತಿದ್ದರು. ಯಾರಾದರೂ ಜಾರಿ ಬಿದ್ದರೆ ಅವರಿಗೆ ಪೆಟ್ಟಾಯಿತೋ ಇಲ್ಲವೋ, ಹುಲ್ಲು ಎದ್ದುಬಂತಲ್ಲ ಅಂತ ಇವರ ಹೊಟ್ಟೆ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಅಕ್ಕ ಅದೇ ಮೆಷಿನ್ ಅನ್ನು ರಸ್ತೆಯುದ್ದಕ್ಕೂ ಗಡಗಡ ತಳ್ಳಿಕೊಂಡು ಶೆಡ್ಡಿಗೆ ಬಂದಳು. ಹ್ಯಾಂಡಲ್‌ನಲ್ಲಿ ಭಾವನ ಟೂಲ್ ಡಬ್ಬಿ ನೇತಾಡುತ್ತಿತ್ತು, ಅಕ್ಕನ ಹೆಗಲಲ್ಲಿ ಎಂದಿನ ಕಾಫಿ ಫ್ಲಾಸ್ಕ್. ಮುಖ ಗಂಟು ಹಾಕಿಕೊಂಡಿದ್ದಳು.

"ಸ್ಟಾರ್ಟ್ ಮಾಡೋ ಹಗ್ಗ ಎಳೆಯಕ್ಕೆ ಆಗ್ತಿಲ್ಲ. ನೋಡು. ಆದ್ರೆ ಒಂದು ಮಾತು, ಆಯಿಲ್ ಇಲ್ಲದೆ ಹೀಗಾಯ್ತು ಅಂತ ಮಾತ್ರ ಹೇಳಬೇಡ."

ಗುರ್ರಣ್ಣನಿಗೆ ಅಲ್ಲೇ ಪಿತ್ತ ನೆತ್ತಿಗೇರಿತು. "ಇನ್ನೂ ಮೆಷಿನ್ ಮುಟ್ಟಿಲ್ಲ ನಾನು. ಏನು ಹೇಳಬಾರದು ಅಂತ ನೀನೇ ಹೇಳಿಬಿಟ್ಟರೆ ನಾನೇನು ನೋಡಲಿ? ಆಯಿಲ್ ಇಲ್ಲ ಅಂದ್ರೆ ಇಲ್ಲ ಅಂತಲೇ ಹೇಳೋದು."

"ಆಯಿಲ್ ಇದೆ."

"ನಿನಗೆ ಹೇಗೆ ಗೊತ್ತು?"

"ಗೊತ್ತು."

"ಹೇಗೆ ಗೊತ್ತು ಅಂತ ಕೇಳ್ತಿದೀನಿ."

"ಗೊತ್ತು ಅಂದ್ನಲ್ಲ" ಅಂತ ಅಕ್ಕ ಸ್ಟೂಲ್ ಎಳೆದುಕೊಂಡು ಕೂತಳು. ಇಂಥವರ ಹತ್ತಿರ ಏನು ಮಾತಾಡುವುದು ಹೇಳಿ.

ಆದರೆ ಅವಳ ಗಾಬರಿಗೆ ಕಾರಣವಿತ್ತು. ಹಿಂದೊಮ್ಮೆ, ಹಳೆಯ ಮೆಷಿನ್ ಇದ್ದಾಗ, ಭಾವ ನಿಜವಾಗಿಯೂ ಆಯಿಲ್ ಹಾಕಲಿಕ್ಕೆ ಮರೆತು ಇಂಜಿನ್ ಕಚ್ಚಿ ಸೀಜ್ ಆಗಿಹೋಗಿತ್ತು. ಅದನ್ನು ಅಕ್ಕ ಅವರಿಗೆ ಮರೆಯಲು ಬಿಟ್ಟಿರಲಿಲ್ಲ, ಮೈದಾನದ ಸೂಪರ್‌ವೈಸರ್ ಕೂಡ ಮರೆತಿರಲಿಲ್ಲ. ಅದರ ಮೇಲೆ ಈಗ ಕೆಲವು ವಾರಗಳಿಂದ ಭಾವನಿಗೆ ತಲೆಸುತ್ತು ಶುರುವಾಗಿತ್ತು. ಬಗ್ಗಿ ಎದ್ದರೆ ಕಣ್ಣು ಕತ್ತಲೆ. ಮೊನ್ನೆ ಗೋಲ್ ಕಂಬ ಹಿಡಿದುಕೊಂಡು ಹಾಗೇ ಕುಸಿದು ಕೂತಿದ್ದನ್ನು ಸೂಪರ್‌ವೈಸರ್ ಕಣ್ಣಾರೆ ಕಂಡಿದ್ದ. ಒಳ್ಳೆಯ ಮನುಷ್ಯ ಅವನು, ಕೆಟ್ಟದ್ದೇನೂ ಮಾತಾಡಲಿಲ್ಲ. ಗೇಟಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿಸಿದ. "ವಯಸ್ಸಾಯ್ತು, ಮರೆವೂ ಇದೆ. ಮೆಷಿನ್ ಮತ್ತೆ ಆಯಿಲ್ ಇಲ್ಲದೆ ಕೆಟ್ರೆ ನಾನೇನೂ ಮಾಡಕ್ಕಾಗಲ್ಲ. ನೆರಳಿನಲ್ಲಿ ಕೂತ್ಕೊಂಡು ಬರೋರು ಹೋಗೋರನ್ನು ನೋಡ್ಕೊಳ್ಳಿ, ಹುಲ್ಲಿಗೆ ಬೇರೆಯವರನ್ನ ಹಾಕ್ತೀನಿ" ಅಂದಿದ್ದ. ಅಂದಿನಿಂದ ಭಾವ ಆ ಕುರ್ಚಿಯ ಕಡೆ ಮುಖ ತಿರುಗಿಸದೆ, ಹಿಂದಿನ ಸಣ್ಣ ಬಾಗಿಲಿನಿಂದ ಮೈದಾನಕ್ಕೆ ಹೋಗಿಬರುತ್ತಿದ್ದರು.

"ಆ ಕುರ್ಚಿ ಮೇಲೆ ಕೂರಿಸಿದ್ರೆ ಅವರು ಉಳಿಯಲ್ಲ ಕಣೋ" ಅಂದಳು ಅಕ್ಕ. ಅಷ್ಟನ್ನೇ ನೆಟ್ಟಗೆ ಹೇಳಿದ್ದು ಅವಳು ಆ ದಿನ.

ಗುರ್ರಣ್ಣ ಕೆಲಸಕ್ಕೆ ಕೈ ಹಾಕಿದ. ಹ್ಯಾಂಡಲ್‌ನ ಬ್ರೇಕ್ ಹಿಡಿ ಒತ್ತಿ ಹಿಡಿದು ಹಗ್ಗ ಎಳೆದ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎರಡೂ ಕಾಲು ಊರಿ ಎಳೆದ, ಭುಜ ಚುಳುಕ್ ಅಂದಿತು. ಮೊದಲು ಪ್ಲಗ್ಗಿನ ವೈರ್ ಕಿತ್ತು ಪಕ್ಕಕ್ಕೆ ಸರಿಸಿದ. ಬ್ಲೇಡಿಗೆ ಕೈ ಹಾಕುವ ಮುನ್ನ ಅದನ್ನು ಕೀಳದವನ ಬೆರಳು ಅವನದಾಗಿ ಉಳಿಯುವುದಿಲ್ಲ ಅಂತ ಅವನು ಯಾವಾಗಲೂ ಹೇಳುತ್ತಿದ್ದ. ಆಮೇಲೆ ಏರ್ ಫಿಲ್ಟರ್ ಮೇಲೆ ಬರುವಂತೆ ಮೆಷಿನ್ ಅನ್ನು ಓರೆ ಮಾಡಿ ಹೊಟ್ಟೆ ನೋಡಿದ. ಹುಲ್ಲು ಗಿಲ್ಲು ಸಿಕ್ಕಿಕೊಂಡಿದೆಯೇನೋ, ಯಾವುದಾದರೂ ಹಗ್ಗ ಸುತ್ತಿದೆಯೇನೋ ಅಂದುಕೊಂಡಿದ್ದ. ಎಲ್ಲ ಕೆರೆದು ತೊಳೆದ ಹಾಗಿತ್ತು.

"ಇದನ್ನ ಯಾರು ಇಷ್ಟು ಚೊಕ್ಕ ಮಾಡಿದ್ದು?"

"ನಾನೇ. ನಿನ್ನೆ ಮಲಗಿಸಿ ಕೆರೆದೆ."

"ಯಾವ ಮಗ್ಗುಲಿಗೆ ಮಲಗಿಸಿದೆ?"

"ಮಗ್ಗುಲು ಯಾವುದಾದ್ರೇನೋ? ಮಗು ಏನು ಅದು? ಮಲಗಿಸಿದೆ, ಕೆರೆದೆ, ಎಬ್ಬಿಸಿದೆ."

ಗುರ್ರಣ್ಣ ಹಲ್ಲು ಕಡಿದ. ಏರ್ ಫಿಲ್ಟರ್ ಕೆಳಗಾಗುವಂತೆ ಮಲಗಿಸಬಾರದು ಅಂತ ಅವನು ಅಕ್ಕನಿಗೂ ಭಾವನಿಗೂ ಹೇಳಿದ್ದು ಒಂದು ಸಲವಲ್ಲ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ತಲೆದೂಗುತ್ತಿತ್ತು.

ಬ್ಲೇಡನ್ನು ಕೈಯಿಂದ ಮೆಲ್ಲಗೆ ತಿರುಗಿಸಿದ. ಸ್ವಲ್ಪ ದೂರ ಸಲೀಸಾಗಿ ಹೋಗಿ, ಗೋಡೆಗೆ ಹೊಡೆದ ಹಾಗೆ ಟಕ್ ಅಂತ ನಿಂತಿತು. ಹಿಂದಕ್ಕೆ ತಿರುಗಿಸಿದ, ಹೋಯಿತು. ಮತ್ತೆ ಮುಂದಕ್ಕೆ, ಅದೇ ಜಾಗದಲ್ಲಿ ನಿಂತಿತು. ಗುರ್ರಣ್ಣನ ಹುಬ್ಬು ಮೇಲೇರಿತು. ಸೀಜ್ ಆದ ಇಂಜಿನ್ ಹಿಂದಕ್ಕೂ ಹೋಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಇದು ಹಾಗಲ್ಲ, ಪಿಸ್ಟನ್ ಮೇಲಕ್ಕೆ ಬರುವ ದಾರಿಯಲ್ಲಿ ಏನೋ ಅಡ್ಡ ಕೂತಿದೆ.

"ಸತ್ತಿಲ್ಲ ಇದು" ಅಂದ.

ಅಕ್ಕ ಉಸಿರು ಬಿಟ್ಟಳು.

ಪ್ಲಗ್ ಬಿಚ್ಚಿದ. ಅದು ಒಣಗಿರಬೇಕಾದದ್ದು ಆಯಿಲಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಅಲ್ಲಿಗೇ ಅವನಿಗೆ ಅರ್ಥವಾಗಬೇಕಿತ್ತು, ಅರ್ಥವಾಗಿಯೂ ಇತ್ತು. ಆದರೆ ಸಿಟ್ಟಿನಲ್ಲಿದ್ದ ಮನುಷ್ಯನಿಗೆ ಮುಖ ಪಕ್ಕಕ್ಕೆ ಇಟ್ಟುಕೊಳ್ಳಬೇಕು ಅನ್ನುವ ಬುದ್ಧಿ ಎಲ್ಲಿಂದ ಬರಬೇಕು. ಬಗ್ಗಿಕೊಂಡೇ ಹಗ್ಗ ಜಗ್ಗಿದ. ಪ್ಲಗ್ಗಿನ ತೂತಿನಿಂದ ಆಯಿಲ್ ಪಿಚಕ್ಕನೆ ಚಿಮ್ಮಿ ಹಣೆ, ಮೂಗು, ಮೀಸೆ ಎಲ್ಲವನ್ನೂ ತೋಯಿಸಿ, ಮಿಕ್ಕಿದ್ದು ಹಿಂದಿನ ಗೋಡೆಗೆ ಹೋಗಿ ಬಿತ್ತು. ಹಗ್ಗ ಈಗ ಬೆಣ್ಣೆಯಂತೆ ಸಲೀಸಾಗಿ ಬಂದಿತ್ತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಹೋದಳು. ಒಳಗಿನಿಂದ ನಗು ಕೇಳಿಸಿತು.

ಗುರ್ರಣ್ಣ ತೋಳಿನಿಂದ ಕಣ್ಣೊರೆಸಿಕೊಂಡ. ಆಯಿಲ್ ನೋಡುವ ಅಳತೆ ಕಡ್ಡಿ ಎಳೆದ. ಗುರುತಿನ ತನಕ ಇರಬೇಕಾದ ಆಯಿಲ್ ಗುರುತನ್ನು ಮುಳುಗಿಸಿ ಕಡ್ಡಿಯ ಕುತ್ತಿಗೆಯವರೆಗೆ ಬಂದಿತ್ತು. ಕೆಳಗೆ ತಟ್ಟೆಯಿಟ್ಟು ಇಳಿಸಲಿಕ್ಕೆ ಬಿಟ್ಟರೆ ಇಳಿಯುತ್ತದೆ, ಇಳಿಯುತ್ತಲೇ ಇದೆ. ತಟ್ಟೆ ತುಂಬಿತು. ಬಕೆಟ್ ಇಟ್ಟ. ಏರ್ ಫಿಲ್ಟರ್ ಹಿಂಡಿದರೆ ಅದರಿಂದಲೂ ಸುರಿಯಿತು. ಮಗ್ಗುಲಿಗೆ ಮಲಗಿಸಿದಾಗ ಹೆಚ್ಚಾದ ಆಯಿಲೆಲ್ಲ ಪಿಸ್ಟನ್ ತಲೆಯ ಮೇಲೆ ಹೋಗಿ ಕೂತಿತ್ತು. ಆಯಿಲನ್ನು ಅದುಮಿ ಚಿಕ್ಕದು ಮಾಡಲಿಕ್ಕೆ ಯಾವ ಪಿಸ್ಟನ್ನಿಗೂ ಆಗುವುದಿಲ್ಲ. ಇಂಜಿನ್ ಹಿಡಿದು ನಿಲ್ಲಲಿಕ್ಕೆ ಅದೇ ಕಾರಣ.

"ಆಯಿಲ್ ಇದೆ ಅಂದೆಯಲ್ಲ ಅಕ್ಕ, ಇದೆ. ಒಂದು ಕೆರೆ ಆಗುವಷ್ಟಿದೆ. ಯಾರು ಹಾಕಿದ್ದು ಇಷ್ಟನ್ನ?"

ಅಕ್ಕ ನೆಲ ನೋಡಿದಳು. "ದಿನಾ ಒಂದು ಮುಚ್ಚಳ ಹಾಕ್ತೀನಿ ಅಷ್ಟೇ. ನಿಮ್ಮ ಭಾವ ಕೈ ತೊಳೆಯಕ್ಕೆ ಹೋದಾಗ. ಅವರಿಗೆ ಮರೆವು ಅಲ್ವಾ, ಹೋದ ಸಲ ಹಾಗೆ ಮಾಡಿದ್ರಲ್ಲ."

"ಕಡ್ಡಿ ಎಳೆದು ನೋಡ್ತೀಯಾ ಹಾಕೋ ಮುಂಚೆ?"

"ಅದೆಲ್ಲ ಯಾರಿಗೆ ಗೊತ್ತಾಗತ್ತೆ. ಒಂದು ಮುಚ್ಚಳದಿಂದ ಏನಾಗತ್ತೆ?"

ಅಷ್ಟರಲ್ಲಿ ಬಾಗಿಲಲ್ಲಿ ಭಾವನೇ ನಿಂತಿದ್ದರು. ಮನೆಯಲ್ಲಿ ಮಲಗಿರಿ ಅಂತ ಹೇಳಿ ಬಂದಿದ್ದಳು ಅಕ್ಕ. ಮಲಗುವ ಜಾತಿಯಲ್ಲ ಅವರು. ಬಾಗಿಲ ಚೌಕಟ್ಟು ಹಿಡಿದುಕೊಂಡೇ, ಉಸಿರು ಹದಕ್ಕೆ ಬರುವವರೆಗೆ ಕಾದು, ಬಕೆಟ್ ನೋಡಿದರು, ಗೋಡೆ ನೋಡಿದರು, ಭಾಮೈದನ ಮೀಸೆ ನೋಡಿದರು.

"ಮುಚ್ಚಳ ನಾನೂ ಹಾಕ್ತೀನಲ್ಲೇ ದಿನಾ" ಅಂದರು ಹೆಂಡತಿಗೆ. "ಬೆಳಿಗ್ಗೆ ಮೈದಾನಕ್ಕೆ ಹೋದ ತಕ್ಷಣ ಮೊದಲನೇ ಕೆಲಸ ಅದು. ನಿನ್ನ ಬಾಯಿಗೆ ಹೆದರಿ."

"ಹಾಕ್ತೀನಿ ಅಂತ ಒಂದು ದಿನನಾದ್ರೂ ಹೇಳಿದ್ರಾ?"

"ನಿನಗೆ ಯಾಕೆ ಹೇಳಬೇಕು? ಮೆಷಿನ್ ನನ್ನದು. ನೀನು ಹಾಕ್ತೀನಿ ಅಂತ ಹೇಳಿದ್ಯಾ?"

"ಹೇಳಿದ್ರೆ ಬಿಡ್ತಿದ್ರಾ ನೀವು?"

"ನೀವಿಬ್ಬರೂ ಕಡ್ಡಿ ನೋಡ್ತಿದ್ರಾ ಅಂತ ಯಾರಾದ್ರೂ ನನಗೆ ಹೇಳಿ ಪುಣ್ಯ ಕಟ್ಟಿಕೊಳ್ಳಿ" ಅಂದ ಗುರ್ರಣ್ಣ.

ಇಬ್ಬರೂ ನೋಡುತ್ತಿರಲಿಲ್ಲ. ಅಳತೆ ನೋಡಿದರೆ ತಾನೇ ಹೆಚ್ಚಾಗಿದೆ ಅಂತ ಗೊತ್ತಾಗುವುದು. ಒಬ್ಬರು ಹೆದರಿ ಹಾಕುವುದು, ಒಬ್ಬರು ಅನುಮಾನಪಟ್ಟು ಹಾಕುವುದು. ಹೆದರಿಕೆಗೂ ಅನುಮಾನಕ್ಕೂ ಕಡ್ಡಿ ಯಾಕೆ ಬೇಕು. ಕೆಲವು ವಾರಗಳಿಂದ ಮೆಷಿನ್ ಬೆಳ್ಳನೆ ಹೊಗೆ ಬಿಡುತ್ತಿತ್ತಂತೆ. ಅದನ್ನೂ ಇಬ್ಬರೂ ಕಂಡಿದ್ದರು, ಇಬ್ಬರೂ ಹೇಳಿರಲಿಲ್ಲ. ಭಾವ ಅದಕ್ಕೂ ವಯಸ್ಸಾಯಿತು ಅಂದುಕೊಂಡರಂತೆ.

ಗುರ್ರಣ್ಣನಿಗೆ ಮೈ ಪರಚಿಕೊಳ್ಳುವ ಹಾಗಾಯಿತು. ಆದರೂ ಒಳಗೆಲ್ಲೋ ನಿರಾಳ. ಮೆಷಿನ್ ಕೆಟ್ಟಿದ್ದು ಮರೆವಿನಿಂದಲ್ಲ, ಸೂಪರ್‌ವೈಸರ್‌ಗೆ ಎದೆ ತಟ್ಟಿ ಹೇಳಬಹುದು. ಸಿಲಿಂಡರಿನಲ್ಲಿ ಉಳಿದ ಆಯಿಲನ್ನು ಹಗ್ಗ ಎಳೆದೆಳೆದು ಹೊರಹಾಕಿದ, ಈ ಸಲ ಮುಖ ದೂರವಿಟ್ಟುಕೊಂಡು. ಪ್ಲಗ್ ಒರೆಸಿ ಹಾಕಿದ, ಫಿಲ್ಟರ್ ತೊಳೆದು ಹಿಂಡಿ ಒಣಗಿಸಿ ಕೂರಿಸಿದ, ಕೆಳಗಿನ ಬೋಲ್ಟ್ ಬಿಗಿದ. ಇನ್ನು ಹೊಸ ಆಯಿಲ್ ಹಾಕಿದರೆ ಮುಗಿಯಿತು. ಆಯಿಲಿನ ಹೊಸ ಡಬ್ಬ ಕೈಗೆ ತೆಗೆದುಕೊಂಡ, ತನ್ನ ಆಲಿಕೆ ಎಲ್ಲಿಟ್ಟನೋ ಕಾಣಲಿಲ್ಲ. "ಭಾವ, ನಿಮ್ಮ ಡಬ್ಬಿಯಲ್ಲಿ ಆಲಿಕೆ ಇದೆಯಲ್ಲ" ಅಂತ ಹ್ಯಾಂಡಲ್‌ನಲ್ಲಿ ನೇತಾಡುತ್ತಿದ್ದ ಟೂಲ್ ಡಬ್ಬಿಯ ಮುಚ್ಚಳ ತೆಗೆದ.

"ಅದರಲ್ಲಿಲ್ಲ" ಅಂತ ಭಾವ ಮುಂದೆ ಬಂದರು, ತೀರಾ ಬೇಗ ಬಂದರು. ತಲೆ ಸುತ್ತಿ ಮೇಜು ಹಿಡಿದುಕೊಂಡರು.

ಆಲಿಕೆ ಇತ್ತು. ಆಲಿಕೆಯ ಕೆಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಮಾತ್ರೆಯ ಹಾಳೆ ಇತ್ತು. ಅರ್ಧಕ್ಕಿಂತ ಹೆಚ್ಚು ಖಾಲಿ.

"ಇದೇನು ಭಾವ?"

"ಬಿಪಿ ಮಾತ್ರೆ" ಅಂದರು ಭಾವ, ಕದ್ದು ಸಿಕ್ಕಿಬಿದ್ದವರ ಹಾಗೆ. "ಇಲ್ಲಿಟ್ಟುಕೊಂಡು ತಗೋತೀನಿ. ದಿನಾ. ಬೆಳಿಗ್ಗೆ ಆಯಿಲ್ ಹಾಕಿದ ಮೇಲೆ."

ಈ ಮಾತ್ರೆಯ ಕಥೆ ಗುರ್ರಣ್ಣನಿಗೂ ಗೊತ್ತಿತ್ತು. ಡಾಕ್ಟರಮ್ಮ ಬರೆದುಕೊಟ್ಟ ಮೊದಲ ದಿನದಿಂದ ಭಾವ ನುಂಗುವುದಿಲ್ಲ ಅಂತ ಹಟ ಹಿಡಿದಿದ್ದರು. ಅಕ್ಕ ಕೊಟ್ಟಾಗ ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ, ಮೈದಾನಕ್ಕೆ ಹೋಗಿ ಗಿಡದ ಬುಡಕ್ಕೆ ಉಗುಳುತ್ತಿದ್ದರು. ಕಳೆ ಕೀಳುವಾಗ ಅಕ್ಕನಿಗೆ ಬುಡದಲ್ಲಿ ಬಿಳಿ ಬಿಳಿ ಮಾತ್ರೆ ಸಿಕ್ಕಿ ದೊಡ್ಡ ರಂಪವಾಗಿತ್ತು. ಆಮೇಲೆ ಅವಳು ಆ ಸುದ್ದಿ ಎತ್ತುವುದನ್ನೇ ಬಿಟ್ಟಿದ್ದಳು. ಅವಳಿಗೆ ಸಾಕಾಗಿ ಹೋಗಿದೆ ಅಂತ ಎಲ್ಲರೂ ಅಂದುಕೊಂಡಿದ್ದರು.

"ಡಾಕ್ಟರಮ್ಮ ಆಮೇಲೆ ನನ್ನೊಬ್ಬನನ್ನೇ ಕೂರಿಸಿಕೊಂಡು ಬೈದ್ರು" ಅಂದರು ಭಾವ. "ಹೆದರಿಕೆ ಆಯ್ತು. ಹಳೇದು ಕಳೆದುಹೋಯ್ತು ಅಂತ ಹೇಳಿ ಇನ್ನೊಂದು ಹಾಳೆ ಬರೆಸಿಕೊಂಡೆ. ತಗೊಳ್ತಿದೀನಿ, ಒಂದು ದಿನ ತಪ್ಪಿಸಿಲ್ಲ."

"ಅಕ್ಕನಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವಳು ಹೇಳಿದ್ದೇ ಸರಿ ಅಂತ ಆಗತ್ತಲ್ಲ."

ಗುರ್ರಣ್ಣ ನಗಲಿಕ್ಕೆ ಬಾಯಿ ತೆರೆದವನು ಅಕ್ಕನ ಕಡೆ ತಿರುಗಿದ. ಅಕ್ಕ ಸ್ಟೂಲಿನಿಂದ ಎದ್ದು ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಕೈಯಲ್ಲಿ ಅವಳು ದಿನಾ ಮೈದಾನಕ್ಕೆ ಒಯ್ಯುವ ಕಾಫಿ ಫ್ಲಾಸ್ಕ್ ಇತ್ತು.

ಅವನಿಗೆ ತಟ್ಟನೆ ನೆನಪಾಯಿತು. ಹೋದ ವಾರ ಮೈದಾನದಲ್ಲಿ ಭಾವ ಗೊಣಗಿದ್ದರು, ಇವಳ ಕಾಫಿ ಈಚೆಗೆ ಸುಣ್ಣ ಕಲಸಿದ ಹಾಗಿರುತ್ತೆ, ಸಕ್ಕರೆ ಸುರಿದರೂ ಕಹಿ ಹೋಗಲ್ಲ ಅಂತ.

"ಅಕ್ಕ" ಅಂದ ಗುರ್ರಣ್ಣ ಮೆಲ್ಲಗೆ. ಅವನ ಬಾಯಿಂದ ಅಷ್ಟು ಮೆಲ್ಲಗೆ ಮಾತು ಬಂದದ್ದನ್ನು ಆ ಶೆಡ್ಡು ಕೇಳಿರಲಿಲ್ಲ. "ಕಾಫಿಗೂ ಒಂದು ಮುಚ್ಚಳ ಹಾಕ್ತಿದೀಯಾ?"

"ಪುಡಿ ಮಾಡಿ ಹಾಕ್ತಿದ್ದೆ" ಅಂದಳು ಅಕ್ಕ. "ಅವರು ತಗೊಳ್ಳಲ್ಲ ಅಂತ. ದಿನಾ ಒಂದು. ಅವರು ತಗೊಳ್ಳಲ್ಲ ಅಂತ ಅಲ್ವೇನೋ ನಾನು."

ಬಕೆಟ್ಟಿನ ಅಂಚಿನಿಂದ ಆಯಿಲ್ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಮತ್ತೆ ಗುರ್ರಣ್ಣನಿಗೆ ಬಂತು ನೋಡಿ ಕೋಪ. ಹುಟ್ಟಿದಾಗಿನಿಂದ ಅಕ್ಕನ ಮುಂದೆ ನುಂಗಿಕೊಂಡಿದ್ದೆಲ್ಲ ಒಟ್ಟಿಗೆ ಬಂತು.

"ಒಂದೇ ಮನೆ, ಒಂದೇ ಕೆಲಸ, ಒಂದೇ ಫ್ಲಾಸ್ಕ್. ಬೆಳಗಿನಿಂದ ಸಂಜೆವರೆಗೆ ಒಬ್ಬರ ಮುಖ ಒಬ್ಬರು ನೋಡ್ಕೊಂಡಿರ್ತೀರಿ. ಒಂದು ಮಾತು ಆಡಿದ್ರೆ ಏನು ಬಾಯಲ್ಲಿ ಹುಣ್ಣಾಗ್ತಿತ್ತಾ? ಮೆಷಿನ್ ಆದ್ರೆ ನಾನು ಪ್ಲಗ್ ಬಿಚ್ಚಿ ಆಯಿಲ್ ತೆಗೀತೀನಿ. ಈ ಮನುಷ್ಯನಿಗೆ ಎಲ್ಲಿ ಬಿಚ್ಚಲಿ ನಾನು? ಗೋಲ್ ಕಂಬ ಹಿಡ್ಕೊಂಡಿದ್ರು ಅಂತ ಬಚಾವು, ಬ್ಲೇಡ್ ಮೇಲೆ ಬಿದ್ದಿದ್ರೆ? ನಡೀರಿ, ಈಗಲೇ ನಡೀರಿ ಆಸ್ಪತ್ರೆಗೆ."

ಆ ಅವಸರದಲ್ಲಿ ಆಯಿಲ್ ಡಬ್ಬ ಮೇಜಿನ ಮೇಲೆ ಉಳಿಯಿತು, ಆಲಿಕೆ ಅದರ ಪಕ್ಕದಲ್ಲಿ ಉಳಿಯಿತು. ಮೀಸೆಯಲ್ಲಿ ಆಯಿಲ್ ಹೊತ್ತುಕೊಂಡೇ ಗುರ್ರಣ್ಣ ಭಾವನ ತೋಳು ಹಿಡಿದು ನಡೆಸಿದ. ಅಕ್ಕ ಹಿಂದೆ ಫ್ಲಾಸ್ಕ್ ಹಿಡಿದುಕೊಂಡೇ ಬಂದಳು. ದಾರಿಯಲ್ಲಿ ಚರಂಡಿಗೆ ಕಾಫಿಯನ್ನು ಸುರಿದುಬಿಟ್ಟಳು.

ಡಾಕ್ಟರಮ್ಮ ಬಿಪಿ ನೋಡಿದರು, ಮತ್ತೊಮ್ಮೆ ನೋಡಿದರು. "ಇಷ್ಟು ಕಡಿಮೆ ಇಟ್ಟುಕೊಂಡು ನೀವು ಬಿಸಿಲಲ್ಲಿ ಮೆಷಿನ್ ತಳ್ತಿದ್ರಾ?" ಅಂದರು. ಕಥೆ ಕೇಳಿ ಅವರಿಗೆ ಯಾರನ್ನು ಮೊದಲು ಬೈಯಬೇಕು ಅಂತ ಗೊತ್ತಾಗಲಿಲ್ಲ, ಕೊನೆಗೆ ಎಲ್ಲರನ್ನೂ ಬೈದರು, ಏನೂ ಮಾಡದ ಗುರ್ರಣ್ಣನನ್ನೂ ಸೇರಿಸಿ. ಕೆಲವು ದಿನ ವಿಶ್ರಾಂತಿ, ದಿನವೂ ಬಂದು ಬಿಪಿ ತೋರಿಸಬೇಕು, ಮಾತ್ರೆಯನ್ನು ಹೆಂಡತಿಯ ಕಣ್ಣೆದುರಿಗೇ ನುಂಗಬೇಕು, ಇನ್ನು ಯಾವುದರಲ್ಲೂ ಏನನ್ನೂ ಪುಡಿ ಮಾಡಿ ಹಾಕಕೂಡದು. ವಯಸ್ಸಿನ ಕಾಯಿಲೆ ಏನೂ ಅಲ್ಲ, ದಿನಕ್ಕೆ ಎರಡೆರಡು ಮಾತ್ರೆ ಹೊಟ್ಟೆಗೆ ಹೋಗಿ ಹೀಗಾಗಿದೆ, ತಲೆಸುತ್ತು ಹೋಗುತ್ತದೆ ಅಂದರು.

ಹೋಯಿತು. ಭಾವನ ಕಾಲು ದಿನದಿಂದ ದಿನಕ್ಕೆ ಗಟ್ಟಿಯಾಯಿತು. ಬೆಳಿಗ್ಗೆ ಮಾತ್ರೆಯನ್ನು ಅಂಗೈಯಲ್ಲಿಟ್ಟು ಅಕ್ಕನಿಗೆ ತೋರಿಸಿ, ನುಂಗಿ, ಬಾಯಿ ಅಗಲ ತೆರೆದು ನಾಲಿಗೆಯ ಕೆಳಗೂ ತೋರಿಸುತ್ತಿದ್ದರು. ಅಕ್ಕ ನೋಡಿ "ಹೂಂ" ಅನ್ನುತ್ತಿದ್ದಳು. ಬೇರೆ ಮಾತು ಕಡಿಮೆ. ಅವಳು ಎದುರಿಗೆ ಅಳುತ್ತಿರಲಿಲ್ಲ, ಆದರೆ ಕಾಫಿ ಮಾಡುವ ಕೆಲಸ ಬಿಟ್ಟುಬಿಟ್ಟಿದ್ದಳು. ಭಾವನೇ ಮಾಡಿಕೊಳ್ಳುತ್ತಿದ್ದರು. ಸೂಪರ್‌ವೈಸರ್ ಮಾತ್ರ ಇನ್ನೂ ಪೂರಾ ಒಪ್ಪಿರಲಿಲ್ಲ. "ಬರಲಿ, ಮೆಷಿನ್ ತರಲಿ, ನನ್ನ ಎದುರಿಗೆ ಒಂದು ಸುತ್ತು ಹೊಡೆಯಲಿ. ಸರಿ ಇದ್ರೆ ಸರಿ. ಇಲ್ಲದಿದ್ರೆ ಕುರ್ಚಿ ಇದೆ" ಅಂದಿದ್ದ.

ಅದಾಗಿ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ ಗುರ್ರಣ್ಣ ಯಾರದೋ ಮನೆಯ ನೀರಿನ ಪಂಪು ನೋಡಿ, ಆ ಮನೆಯವರಿಗೆ ಯಥಾಪ್ರಕಾರ ಬೈದು, ಶೆಡ್ಡಿಗೆ ವಾಪಸ್ ಬಂದ. ಮೂಲೆ ಖಾಲಿಯಿತ್ತು.

"ಹುಲ್ಲಿನ ಮೆಷಿನ್ ಎಲ್ಲಿ?"

"ಅಕ್ಕ ಭಾವ ಬಂದು ತಗೊಂಡು ಹೋದ್ರು" ಅಂದಳು ಹೆಂಡತಿ ಒಳಗಿನಿಂದ. "ಇವತ್ತೇ ಸೂಪರ್‌ವೈಸರ್ ನೋಡ್ತಾನಂತೆ. ರೆಡಿ ಇದೆಯಾ ಅಂತ ಕೇಳಿದ್ರು, ಕೆಂಪು ಬಟ್ಟೆ ಇಲ್ಲ ತಗೊಂಡು ಹೋಗಿ ಅಂದೆ."

ಗುರ್ರಣ್ಣ ಮೇಜಿನ ಕಡೆ ನೋಡಿದ. ಆಯಿಲಿನ ಹೊಸ ಡಬ್ಬ ಮುಚ್ಚಳದ ಸೀಲ್ ಕೂಡ ಒಡೆಯದೆ ಅಲ್ಲೇ ಕೂತಿತ್ತು. ಆಲಿಕೆ ಪಕ್ಕದಲ್ಲಿ, ಒಣಗಿದ್ದು ಒಣಗಿದ ಹಾಗೇ.

ಇಳಿಸಿದ ಆಯಿಲ್ ಇಳಿಸಿದ್ದೇ, ಮತ್ತೆ ಹಾಕಿಲ್ಲ, ಬಟ್ಟೆ ಕಟ್ಟಿಲ್ಲ. ಇಷ್ಟು ದಿನ ಆ ಮೆಷಿನ್ ಕಣ್ಣೆದುರಿಗೇ ನಿಂತಿತ್ತು, ಹಾಕಿದ್ದೇನೆ ಅಂತಲೇ ಅಂದುಕೊಂಡಿದ್ದ. ಈಗ ಸೂಪರ್‌ವೈಸರನ ಎದುರು ಭಾವ ಹಗ್ಗ ಎಳೆಯುತ್ತಾರೆ, ಒಂದು ಪಟ್ಟೆ ಹೋಗುವಷ್ಟರಲ್ಲಿ ಇಂಜಿನ್ ಕಚ್ಚಿ ನಿಲ್ಲುತ್ತದೆ, ಕಡ್ಡಿ ಎಳೆದರೆ ಒಣ ಒಣ. ಮುದುಕ ಮತ್ತೆ ಮರೆತ, ಹೋಗಿ ಕುರ್ಚಿ ಮೇಲೆ ಕೂರಪ್ಪ. ಅಕ್ಕನಂತೂ ಇನ್ನು ಆಯಿಲ್ ಡಬ್ಬದ ಹತ್ತಿರ ಕೈ ಹಾಕುವವಳಲ್ಲ.

ಫೋನ್ ಮಾಡಿದ. ಅಕ್ಕನ ಫೋನ್ ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಅದು ಎಂದಿನಂತೆ ಮೈದಾನದ ಸಾಮಾನು ಕೋಣೆಯಲ್ಲಿ ಮೊಳೆಗೆ ನೇತುಹಾಕಿದ ಚೀಲದೊಳಗೆ ಕೂಗಿಕೊಳ್ಳುತ್ತಿರಬೇಕು. ಫೋನ್ ಇರುವುದು ಯಾಕೆ ಈ ಜನಕ್ಕೆ ಅಂತ ಬೈಯುತ್ತಾ ಡಬ್ಬ ಎತ್ತಿಕೊಂಡು ಓಡಿದ. ಯಾವ ಕಾಲದಲ್ಲಿ ಓಡಿದ್ದನೋ ಏನೋ. ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು, ಒಂದನ್ನು ಅಲ್ಲೇ ಬಿಟ್ಟ. ಅಕ್ಕನನ್ನು ಬೈದ, ಭಾವನನ್ನು ಬೈದ, ಹೆಂಡತಿಯನ್ನು ಬೈದ. ಬೈಯಬೇಕಾದವನು ಯಾರು ಅಂತ ಗೊತ್ತಿದ್ದರಿಂದ ಉಳಿದವರನ್ನೆಲ್ಲ ಮೊದಲು ಮುಗಿಸಿಕೊಂಡ. ದಾರಿಯುದ್ದಕ್ಕೂ ಕಿವಿ ಮೈದಾನದ ಕಡೆಗೇ ಇತ್ತು, ಇಂಜಿನ್ ಸದ್ದು ಕೇಳಿದರೆ ಮುಗಿಯಿತು ಕಥೆ.

ಸದ್ದು ಕೇಳಲಿಲ್ಲ. ಗೇಟು ದಾಟಿದಾಗ ಮೈದಾನದ ನಡುವೆ ಮೂವರು ನಿಂತಿದ್ದರು. ಸೂಪರ್‌ವೈಸರ್ ಕೈ ಕಟ್ಟಿಕೊಂಡಿದ್ದ. ಅಕ್ಕ ಎರಡೂ ಕೈ ಬೆನ್ನ ಹಿಂದೆ ಹಿಡಿದುಕೊಂಡಿದ್ದಳು, ಕೈ ತಾನಾಗಿ ಎಲ್ಲಾದರೂ ಹೋಗಿಬಿಟ್ಟೀತು ಅನ್ನುವ ಹಾಗೆ. ಭಾವ ಮೆಷಿನ್ನಿನ ಪಕ್ಕದಲ್ಲಿ ನೆಟ್ಟಗೆ ನಿಂತು ಕೈಯಲ್ಲಿ ಅಳತೆ ಕಡ್ಡಿ ಹಿಡಿದಿದ್ದರು.

"ಎಳೀರಿ ಅಂದ್ನಲ್ಲ" ಅನ್ನುತ್ತಿದ್ದ ಸೂಪರ್‌ವೈಸರ್. "ಎಷ್ಟು ಹೊತ್ತು ನಿಲ್ಲಲಿ ನಾನು?"

"ಆಯಿಲ್ ಇಲ್ಲ ಸಾರ್. ಕಡ್ಡಿ ಎಳೆದು ನೋಡಿದೆ, ಒರೆಸಿ ಮತ್ತೆ ನೋಡಿದೆ. ಒಂದು ತೊಟ್ಟೂ ಇಲ್ಲ. ಆಯಿಲ್ ಬರೋವರೆಗೆ ನಾನು ಹಗ್ಗ ಮುಟ್ಟಲ್ಲ. ಬೇಕಾದ್ರೆ ಬೇರೆಯವರನ್ನ ಹಾಕ್ಕೊಳ್ಳಿ" ಅಂದರು ಭಾವ.

"ಮತ್ತೆ ಮರೆತ್ರಾ?"

"ಇವರಲ್ಲ ಸಾರ್" ಅಂದ ಗುರ್ರಣ್ಣ. ಉಸಿರು ಮೇಲಕ್ಕೂ ಬರುತ್ತಿರಲಿಲ್ಲ, ಕೆಳಕ್ಕೂ ಹೋಗುತ್ತಿರಲಿಲ್ಲ. "ಮರೆತವನು ನಾನು. ಆಯಿಲ್ ಇಳಿಸಿ, ಹಾಕೋದು ಮರೆತೆ. ಇವರು ನೋಡದೆ ಎಳೆದಿದ್ರೆ ನಿಮ್ಮ ಮೆಷಿನ್ ಇವತ್ತು ಹೋಗಿತ್ತು."

ಸೂಪರ್‌ವೈಸರ್ ಭಾವನನ್ನು ನೋಡಿದ, ಕಡ್ಡಿ ನೋಡಿದ, ಒಂದೇ ಚಪ್ಪಲಿ ಹಾಕಿಕೊಂಡು ನಿಂತ ಮೆಕ್ಯಾನಿಕ್‌ನನ್ನು ಮೇಲಿಂದ ಕೆಳಗೆ ನೋಡಿದ. "ಸರಿ, ಹಾಕಿ" ಅಂದ ಭಾವನಿಗೆ.

ಭಾವ ಡಬ್ಬ ತೆಗೆದುಕೊಂಡರು. ಸ್ವಲ್ಪ ಸುರಿದರು, ಕಡ್ಡಿ ಅದ್ದಿದರು, ಎಳೆದು ಹೆಂಡತಿಯ ಕಡೆ ಚಾಚಿದರು. ಅಕ್ಕ ಬೆನ್ನ ಹಿಂದಿನ ಕೈ ತೆಗೆಯದೆ ಬಗ್ಗಿ ನೋಡಿದಳು.

"ಇನ್ನೂ ಬೇಕು" ಅಂದಳು.

ಮತ್ತೆ ಸುರಿದರು. ಮತ್ತೆ ಚಾಚಿದರು.

"ಸಾಕು" ಅಂದಳು ಅಕ್ಕ, ಮತ್ತು ಆಗ ಅವಳ ಕಣ್ಣಿಂದ ನೀರು ಇಳಿಯಿತು. ಭಾವ ನೋಡಿಯೂ ನೋಡದವರಂತೆ ಕಡ್ಡಿಯನ್ನು ತಿರುಗಿಸಿ ಬಿಗಿದು, "ನೀನು ಹೇಳಿದ ಮೇಲೆ ಸಾಕು" ಅಂದರು.

ಹಗ್ಗ ಎಳೆದರು. ಒಂದು ಉಸಿರು ಬಿಳಿ ಹೊಗೆ ಹೊರಟು ಹೋಯಿತು, ಆಮೇಲೆ ಸದ್ದು ಶುದ್ಧವಾಯಿತು. ಭಾವ ಹಿಡಿ ಒತ್ತಿ ತಳ್ಳಿಕೊಂಡು ಹೊರಟರು. ದಿನಗಟ್ಟಲೆ ಬೆಳೆದ ಹುಲ್ಲಿನಲ್ಲಿ ಮೊದಲ ಪಟ್ಟೆ ನೇರ ಬಿತ್ತು. ಆ ತುದಿಯಲ್ಲಿ ತಿರುಗುವಾಗ ಭಾವ ಬಗ್ಗಿ ಒಂದು ಕಲ್ಲು ಎತ್ತಿ ಪಕ್ಕಕ್ಕೆಸೆದು, ಏನನ್ನೂ ಹಿಡಿದುಕೊಳ್ಳದೆ ಎದ್ದು ನಿಂತರು. ಅಕ್ಕ ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತಿದ್ದಳು. ಸೂಪರ್‌ವೈಸರ್ ಒಂದು ಸುತ್ತು ಅಂದಿದ್ದವನು, ಅರ್ಧ ಸುತ್ತಿಗೇ ತಲೆಯಾಡಿಸಿ ಆಫೀಸಿನ ಕಡೆ ಹೊರಟುಹೋದ.

ಓಡಿ ಬಂದ ಸುಸ್ತು ಗುರ್ರಣ್ಣನಿಗೆ ಆಗ ತಿಳಿಯಿತು. ಕುಂಟುತ್ತಾ ಗೇಟಿನ ಹತ್ತಿರ ಹೋಗಿ, ಅಲ್ಲಿ ನೆರಳಿನಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ದೊಪ್ಪನೆ ಕೂತ. ಯಾವ ಕುರ್ಚಿ ಅಂತಲೂ ಅವನಿಗೆ ಗಮನವಿರಲಿಲ್ಲ. ಪಟ್ಟೆ ಪಟ್ಟೆಯಾಗಿ ಹುಲ್ಲು ಕತ್ತರಿಸುತ್ತಾ ಭಾವ ಗೇಟಿನವರೆಗೆ ಬಂದರು. ಭಾಮೈದನನ್ನು ಕಂಡು ನಿಂತರು, ಇಂಜಿನ್ ಆಫ್ ಮಾಡಿದರು, ಹಣೆ ಒರೆಸಿಕೊಂಡರು.

"ಮರೆವು ಜಾಸ್ತಿಯಾಯ್ತಾ?" ಅಂತ ಕೇಳಿದರು. "ಕೂತ್ಕೋ ಕೂತ್ಕೋ. ಬರೋರು ಹೋಗೋರನ್ನ ನೋಡ್ಕೊಂಡಿರು."

ಅಕ್ಕ ಫಕ್ಕನೆ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದು. ಗುರ್ರಣ್ಣ ಗುರ್ ಅನ್ನಲಿಕ್ಕೆ ಬಾಯಿ ತೆರೆದ, ಅವಳ ಮುಖ ನೋಡಿದ, ಮತ್ತೆ ಮುಚ್ಚಿಕೊಂಡ. ಭಾವ ಹಗ್ಗ ಎಳೆದು ಮುಂದಿನ ಪಟ್ಟೆಗೆ ಹೊರಟರು.